ಚಾಂಪಿಯನ್ನರ ಹೊಸ ಪಟ್ಟಿ: ಡಾಡ್ಜರ್ಸ್ ಕುರಿತು ಓದುಗರ ಪ್ರಶ್ನೆಗಳು

ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವು 2024ರ ಅಕ್ಟೋಬರ್ 30ರಂದು ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಐದನೆಯ ಪಂದ್ಯವನ್ನು 7–6ರಿಂದ ಗೆದ್ದು, ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಕಿರೀಟ ಧರಿಸಿತು. ಅಂದಿನಿಂದ ಬೇಸ್‌ಬಾಲ್ ಕುರಿತು ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಈ ತಂಡದ ಮುಂದಿನ ವರ್ಷದ ಬಗೆಗೇ ಇವೆ. 2025ರ ಋತು ಮಾರ್ಚ್ 18ರಂದು ಟೋಕಿಯೋ ಡೋಮ್‌ನಲ್ಲಿ ಡಾಡ್ಜರ್ಸ್ ಮತ್ತು ಚಿಕಾಗೊ ಕಬ್ಸ್ ತಂಡಗಳ ಪಂದ್ಯದೊಂದಿಗೆ ಆರಂಭವಾಗಲಿತ್ತು; ಈ ಉತ್ತರಗಳನ್ನು ಬರೆದಾಗ ತಂಡ ಅರಿಜೋನಾದ ಗ್ಲೆಂಡೇಲ್‌ನಲ್ಲಿ ತರಬೇತಿಯಲ್ಲಿತ್ತು. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಆ ಪ್ರಶ್ನೆಗಳಿಗೇ ಮೀಸಲಿಟ್ಟಿದ್ದೇವೆ. ಇಲ್ಲಿ ‘ಈ ವರ್ಷ’ ಎಂದರೆ 2025, ‘ಕಳೆದ ವರ್ಷ’ ಎಂದರೆ 2024.

ಪ್ರಶ್ನೆ: ಗೆದ್ದ ತಂಡವೇ ಮತ್ತೆ ಬ್ಲೇಕ್ ಸ್ನೆಲ್, ರೋಕಿ ಸಸಾಕಿ ಅವರಂತಹ ಪಿಚರ್‌ಗಳನ್ನು (ಬ್ಯಾಟರ್‌ಗೆ ಚೆಂಡೆಸೆಯುವವರನ್ನು) ಸೇರಿಸಿಕೊಂಡಿದೆ. ಯೋಶಿನೋಬು ಯಮಮೊಟೊ, ಟೈಲರ್ ಗ್ಲಾಸ್‌ನೌ, ಶೋಹೇ ಓಟಾನಿ ಈಗಾಗಲೇ ಇರುವಾಗ ಇಷ್ಟೊಂದು ಪಿಚರ್‌ಗಳು ಏತಕ್ಕೆ? ಇದು ಹಣಬಲದ ಪ್ರದರ್ಶನವಲ್ಲವೇ?

ಉತ್ತರ: ಹಣಬಲದ ವಿಚಾರಕ್ಕೆ ಆಮೇಲೆ ಬರೋಣ. ಅಗತ್ಯವೇನಿತ್ತು ಎಂಬುದನ್ನು ಮೊದಲು ನೋಡಬೇಕು; ಅದಕ್ಕೆ ಆ ಐದನೆಯ ಪಂದ್ಯವನ್ನೇ ಹತ್ತಿರದಿಂದ ನೋಡಿದರೆ ಸಾಕು. ಅಂದು ಪಂದ್ಯ ಆರಂಭಿಸಿದ ಜ್ಯಾಕ್ ಫ್ಲಾಹರ್ಟಿ ನಾಲ್ಕು ಔಟ್ ಪಡೆಯುವಷ್ಟರಲ್ಲಿ ನಾಲ್ಕು ರನ್ ಕೊಟ್ಟು ಹೊರನಡೆದರು. ಯಾಂಕೀಸ್ 5–0 ಮುನ್ನಡೆ ಪಡೆಯಿತು. ಅಲ್ಲಿಂದ ಮುಂದೆ ಡಾಡ್ಜರ್ಸ್ ಒಬ್ಬರ ಹಿಂದೊಬ್ಬರಂತೆ ಬುಲ್‌ಪೆನ್‌ನ, ಎಂದರೆ ಪಂದ್ಯದ ನಡುವೆ ಬದಲಿಯಾಗಿ ಬರುವ, ಪಿಚರ್‌ಗಳನ್ನು ಇಳಿಸುತ್ತಲೇ ಹೋಗಬೇಕಾಯಿತು. ಬೇಸ್‌ಬಾಲ್ ಪಂದ್ಯದಲ್ಲಿ ಒಂಬತ್ತು ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ನಲ್ಲಿ ಒಂದೊಂದು ತಂಡಕ್ಕೂ ಮೂರು ಔಟ್. ಐದನೆಯ ಇನ್ನಿಂಗ್ಸ್‌ನಲ್ಲಿ ಯಾಂಕೀಸ್ ಫೀಲ್ಡಿಂಗ್ ಎಡವಿದ್ದರಿಂದ ಪಂದ್ಯ ಸಮವಾಯಿತು. ಸಾಮಾನ್ಯವಾಗಿ ಒಂದು ಇನ್ನಿಂಗ್ಸ್‌ಗಷ್ಟೇ ಬರುವ ಬ್ಲೇಕ್ ಟ್ರೈನೆನ್ ಎರಡಕ್ಕಿಂತ ಹೆಚ್ಚು ಇನ್ನಿಂಗ್ಸ್ ಎಸೆದು ದಣಿದರು. ಕೊನೆಯ ಮೂರು ಔಟ್‌ಗಳಿಗೆ ಯಾರೂ ಉಳಿಯದಿದ್ದಾಗ, ಎರಡು ದಿನಗಳ ಹಿಂದಷ್ಟೇ ಮೂರನೆಯ ಪಂದ್ಯವನ್ನು ಆರಂಭಿಸಿ ಐದು ಇನ್ನಿಂಗ್ಸ್ ಎಸೆದಿದ್ದ ವಾಕರ್ ಬ್ಯೂಲರ್ ಚೆಂಡು ಕೈಗೆತ್ತಿಕೊಂಡು ಆಟ ಮುಗಿಸಿಕೊಟ್ಟರು. ಅವರಿಗೆ ಸಿಕ್ಕಿದ್ದ ವಿಶ್ರಾಂತಿ ಒಂದೇ ಒಂದು ದಿನ. ಆ ಅಕ್ಟೋಬರ್‌ನಲ್ಲಿ ತಂಡದ ಬಳಿ ನೆಚ್ಚಬಹುದಾಗಿದ್ದ ಸ್ಟಾರ್ಟರ್‌ಗಳು (ಪಂದ್ಯ ಆರಂಭಿಸುವ ಪಿಚರ್‌ಗಳು) ಯಮಮೊಟೊ, ಫ್ಲಾಹರ್ಟಿ, ಬ್ಯೂಲರ್ ಮೂವರೇ; ಉಳಿದವರೆಲ್ಲ ಗಾಯಾಳುಗಳು. ಈ ಮೂವರಲ್ಲಿ ಫ್ಲಾಹರ್ಟಿ 2025ಕ್ಕೆ ಡೆಟ್ರಾಯಿಟ್ ಟೈಗರ್ಸ್‌ಗೆ, ಬ್ಯೂಲರ್ ಬಾಸ್ಟನ್ ರೆಡ್ ಸಾಕ್ಸ್‌ಗೆ ಹೋದರು.

ಇನ್ನು ಇಡೀ ಋತುವಿನ ಲೆಕ್ಕಕ್ಕೆ ಬರೋಣ. 98 ಪಂದ್ಯ ಗೆದ್ದ ಆ ತಂಡದಲ್ಲಿ ಒಬ್ಬನೇ ಒಬ್ಬ ಪಿಚರ್ ಋತುವಿನ ಪಂದ್ಯಕ್ಕೆ ಒಂದರಂತೆ 162 ಇನ್ನಿಂಗ್ಸ್ ತಲುಪಲಿಲ್ಲ. ಅತಿ ಹೆಚ್ಚು, ಎಂದರೆ 140 ಇನ್ನಿಂಗ್ಸ್ ಎಸೆದವರು ಗ್ಯಾವಿನ್ ಸ್ಟೋನ್. ಅವರೂ ಅಕ್ಟೋಬರ್‌ನಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ 2025ರ ಇಡೀ ಋತುವಿಗೆ ಹೊರಗುಳಿದರು. ಹೆಸರುಗಳನ್ನು ಎಣಿಸುವ ಬದಲು ಇನ್ನಿಂಗ್ಸ್‌ಗಳನ್ನು ಎಣಿಸಬೇಕು ಎಂಬುದೇ ಈ ತಂಡದ ಬಗ್ಗೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು. 162 ಪಂದ್ಯಗಳಲ್ಲಿ ಸ್ಟಾರ್ಟರ್‌ಗಳು ಪಂದ್ಯಕ್ಕೆ ಐದರಂತೆ ಎಸೆದರೂ 810 ಇನ್ನಿಂಗ್ಸ್ ಬೇಕಾಗುತ್ತದೆ. ಕಳೆದ ವರ್ಷ ಯಮಮೊಟೊ ಎಸೆದದ್ದು 90, ಗ್ಲಾಸ್‌ನೌ 134, ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಪರ ಸ್ನೆಲ್ 104, ಜಪಾನಿನಲ್ಲಿ ಸಸಾಕಿ 111. ನಾಲ್ವರದ್ದೂ ಕೂಡಿಸಿದರೆ 439. ಓದುವಾಗ ಬೆರಗು ಹುಟ್ಟಿಸುವ ಈ ನಾಲ್ಕು ಹೆಸರುಗಳು ಕಳೆದ ವರ್ಷದಷ್ಟೇ ಎಸೆದರೆ ಅಗತ್ಯದ ಅರ್ಧಕ್ಕಿಂತ ತುಸು ಹೆಚ್ಚನ್ನು ಮಾತ್ರ ತುಂಬಿಸಿಕೊಡಬಲ್ಲವು. ಉಳಿದ 371 ಇನ್ನಿಂಗ್ಸ್ ಎಲ್ಲಿಂದಲಾದರೂ ಬರಲೇಬೇಕು.

ಇವರ ಸಾಮರ್ಥ್ಯದ ಬಗ್ಗೆ ನನಗೆ ಕಿಂಚಿತ್ತೂ ಅನುಮಾನವಿಲ್ಲ. ಸ್ನೆಲ್ ಅಮೆರಿಕನ್, ನ್ಯಾಷನಲ್ ಎರಡೂ ಲೀಗ್‌ಗಳಲ್ಲಿ ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದವರು, 2018ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ. ಆದರೆ ಅವರು 180 ಇನ್ನಿಂಗ್ಸ್ ಮುಟ್ಟಿದ್ದು ಆ ಎರಡು ವರ್ಷಗಳಲ್ಲಿ ಮಾತ್ರ. ಉಳಿದ ಯಾವ ವರ್ಷವೂ 130 ದಾಟಿಲ್ಲ. ಗ್ಲಾಸ್‌ನೌ ಅವರ 134 ಇನ್ನಿಂಗ್ಸ್ ಅವರ ವೃತ್ತಿಜೀವನದಲ್ಲೇ ಅತಿ ಹೆಚ್ಚು, ಅದೂ ಮೊಣಕೈ ನೋವಿನಿಂದ ಅರ್ಧಕ್ಕೇ ನಿಂತದ್ದು. ಯಮಮೊಟೊ ಭುಜದ ಸ್ನಾಯು ಸೆಳೆತದಿಂದ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಆಡಲಿಲ್ಲ. ಹೀಗಿರುವಾಗ ಐದು ಮಂದಿ ಉತ್ತಮ ಸ್ಟಾರ್ಟರ್‌ಗಳಿದ್ದರೆ ಸಾಕೆಂದು ಕುಳಿತುಕೊಳ್ಳುವ ಆಡಳಿತಗಾರ ಜುಲೈ ಹೊತ್ತಿಗೆ ಬರಿಗೈಯಾಗುತ್ತಾನೆ. ತಂಡದ ಕಾರ್ಯಾಚರಣೆಯ ಅಧ್ಯಕ್ಷ ಆಂಡ್ರ್ಯೂ ಫ್ರೀಡ್‌ಮನ್ ಈ ಪಾಠವನ್ನು ಕಳೆದ ವರ್ಷವೇ ಕಲಿತಿದ್ದಾರೆ. ಎಂಟೊಂಬತ್ತು ಮಂದಿಯನ್ನು ಕೈಯಲ್ಲಿಟ್ಟುಕೊಂಡು, ಯಾವುದೇ ಹೊತ್ತಿನಲ್ಲಿ ಐವರಾದರೂ ಆರೋಗ್ಯವಾಗಿರಲಿ ಎಂಬ ಲೆಕ್ಕಾಚಾರ ಅವರದು.

ಪ್ರಶ್ನೆ: ಒಂದು ಕಡೆ 26 ಆಟಗಾರರ ಪಟ್ಟಿ ಎನ್ನುತ್ತಾರೆ, ಇನ್ನೊಂದು ಕಡೆ 40 ಆಟಗಾರರ ಪಟ್ಟಿ ಎನ್ನುತ್ತಾರೆ. ಋತು ಆರಂಭವಾಗುವ ಮುನ್ನ ನಾವು ಯಾವುದನ್ನು ನೋಡಬೇಕು?

ಉತ್ತರ: ಎರಡನ್ನೂ ನೋಡಬೇಕು, ಒಂದನ್ನೇ ನೋಡಲು ಬಿಡುವಿದ್ದರೆ 40ರ ಪಟ್ಟಿಯನ್ನು ನೋಡಿ ಎನ್ನುತ್ತೇನೆ. ಪಂದ್ಯದ ದಿನ ಮೈದಾನಕ್ಕಿಳಿಯಲು ಅರ್ಹರಾದವರು 26 ಮಂದಿ, ಅವರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚಿರುವಂತಿಲ್ಲ. ಸೆಪ್ಟೆಂಬರ್‌ನಲ್ಲಿ ಸಂಖ್ಯೆ 28ಕ್ಕೆ ಏರುತ್ತದೆ. 40ರ ಪಟ್ಟಿಯಲ್ಲಿ ಈ 26 ಮಂದಿಯ ಜೊತೆಗೆ, ಕ್ಲಬ್ ತನ್ನ ಹಕ್ಕಿನಲ್ಲಿ ಉಳಿಸಿಕೊಂಡು ಕೆಳ ಹಂತದ ಮೈನರ್ ಲೀಗ್‌ನಲ್ಲಿ ಆಡಿಸುತ್ತಿರುವವರೂ ಇರುತ್ತಾರೆ. ಆ ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಮೇಲಿನ ತಂಡದಲ್ಲಿ ಆಡಿಸುವಂತಿಲ್ಲ. ಆಡಿಸಬೇಕಾದರೆ ಮೊದಲು ಅಲ್ಲೊಂದು ಸ್ಥಾನ ತೆರವಾಗಬೇಕು.

ಇಲ್ಲಿ ಕೆಲಸ ಮಾಡುವ ಎರಡು ನಿಯಮಗಳನ್ನು ತಿಳಿದುಕೊಂಡರೆ ಮಾರ್ಚ್ ತಿಂಗಳ ಸುದ್ದಿಗಳು ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತವೆ. ಮೊದಲನೆಯದು ಆಪ್ಷನ್. 40ರ ಪಟ್ಟಿ ಸೇರಿದ ಆಟಗಾರನನ್ನು ಸಾಮಾನ್ಯವಾಗಿ ಮೂರು ಋತುಗಳವರೆಗೆ ಯಾರ ಅನುಮತಿಯನ್ನೂ ಕೇಳದೆ ಮೈನರ್ ಲೀಗ್‌ಗೆ ಕಳುಹಿಸಿ ಮತ್ತೆ ಕರೆಸಿಕೊಳ್ಳಬಹುದು, ಆದರೆ ಒಂದು ಋತುವಿನಲ್ಲಿ ಐದು ಬಾರಿಗಿಂತ ಹೆಚ್ಚು ಕಳುಹಿಸುವಂತಿಲ್ಲ. ಮೂರು ಆಪ್ಷನ್ ವರ್ಷಗಳು ಮುಗಿದವನನ್ನು ಕೆಳಗೆ ಕಳುಹಿಸಬೇಕಾದರೆ ಉಳಿದ ತಂಡಗಳಿಗೆ ಅವನನ್ನು ಎತ್ತಿಕೊಳ್ಳುವ ಅವಕಾಶ ಕೊಡಬೇಕು. ಹೀಗಾಗಿ ಸಮಾನ ಸಾಮರ್ಥ್ಯದ ಇಬ್ಬರಲ್ಲಿ ಆಪ್ಷನ್ ಉಳಿದವನು ಕೆಳಗೆ ಹೋಗುತ್ತಾನೆ, ಮುಗಿದವನು ತಂಡದಲ್ಲಿ ಉಳಿಯುತ್ತಾನೆ. ತರಬೇತಿ ಪಂದ್ಯಗಳಲ್ಲಿ ಚೆನ್ನಾಗಿ ಆಡಿದ ಯುವಕನನ್ನು ಕೈಬಿಟ್ಟರೆಂದು ಅಭಿಮಾನಿಗಳು ಬೇಸರಪಡುವ ಅನೇಕ ಸಂದರ್ಭಗಳಲ್ಲಿ ಆಟಕ್ಕಿಂತ ಈ ನಿಯಮವೇ ತೀರ್ಪು ಕೊಟ್ಟಿರುತ್ತದೆ.

ಎರಡನೆಯದು ಗಾಯಾಳುಗಳ ಪಟ್ಟಿ. ಬ್ಯಾಟರ್‌ಗಳಿಗೆ ಕನಿಷ್ಠ 10 ದಿನ, ಪಿಚರ್‌ಗಳಿಗೆ ಕನಿಷ್ಠ 15 ದಿನ. ಈ ಪಟ್ಟಿಗೆ ಸೇರಿದವರು 26ರಿಂದ ಹೊರಬಂದರೂ 40ರಲ್ಲಿ ಉಳಿದಿರುತ್ತಾರೆ. 60 ದಿನಗಳ ಪಟ್ಟಿಗೆ ಹೋದವರು ಮಾತ್ರ 40ರಿಂದಲೂ ಹೊರಗೆ ಲೆಕ್ಕವಾಗುತ್ತಾರೆ. ಸ್ಟೋನ್ ಅವರಂತೆ ದೀರ್ಘಕಾಲ ಆಡಲಾಗದವರು 2025ರ ಆರಂಭದಲ್ಲಿ ಡಾಡ್ಜರ್ಸ್‌ನಲ್ಲಿ ಹಲವರಿದ್ದರು: ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರಿವರ್ ರಯಾನ್ ಮತ್ತು ಎಮ್ಮೆಟ್ ಶೀಹನ್, ಭುಜದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬ್ರುಸ್ಡಾರ್ ಗ್ರಾಟೆರೋಲ್. ಇಂಥವರನ್ನು 60 ದಿನಗಳ ಪಟ್ಟಿಗೆ ಸೇರಿಸಿದಾಗ ತೆರವಾಗುವ ಸ್ಥಾನಗಳಲ್ಲೇ ಹೊಸಬರನ್ನು ಕೂರಿಸಲಾಗುತ್ತದೆ. ಸುದ್ದಿಯಲ್ಲಿ ಒಂದೇ ಸಾಲಿನಲ್ಲಿ ಬರುವ ಇಂತಹ ಬದಲಾವಣೆಗಳನ್ನು ಗಮನಿಸುತ್ತಾ ಹೋದರೆ ಕ್ಲಬ್ ಯಾರ ಮೇಲೆ ಭರವಸೆ ಇಟ್ಟಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಪ್ರಶ್ನೆ: ಸಸಾಕಿ ಅವರಿಗೆ ಅಷ್ಟೊಂದು ಹೆಸರಿದ್ದರೂ ಅವರು ಬಹಳ ಕಡಿಮೆ ಹಣಕ್ಕೆ ಬಂದರೆಂದು ಓದಿದೆ. ಅದು ಹೇಗೆ? ಅವರಿಂದ ಈ ವರ್ಷವೇ ದೊಡ್ಡದನ್ನು ನಿರೀಕ್ಷಿಸಬಹುದೇ?

ಉತ್ತರ: ವಿದೇಶದ ಆಟಗಾರನಿಗೆ 25 ವರ್ಷ ತುಂಬಿ, ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಆರು ಋತುಗಳು ಆಗಿದ್ದರೆ ಮಾತ್ರ ಮೇಜರ್ ಲೀಗ್ ಕ್ಲಬ್‌ಗಳು ಅವನೊಂದಿಗೆ ಮಿತಿಯಿಲ್ಲದ ಒಪ್ಪಂದ ಮಾಡಿಕೊಳ್ಳಬಹುದು. ಇಲ್ಲದಿದ್ದರೆ ಅವನು ಹವ್ಯಾಸಿ ಆಟಗಾರನಂತೆ, ಪ್ರತಿ ಕ್ಲಬ್‌ಗೂ ಗೊತ್ತುಪಡಿಸಿದ ಬೋನಸ್ ನಿಧಿಯೊಳಗಿನ ಮೊತ್ತಕ್ಕೆ ಸಹಿ ಹಾಕಬೇಕು. ಯಮಮೊಟೊ 25 ತುಂಬುವವರೆಗೆ ಕಾದು 12 ವರ್ಷಗಳಿಗೆ 32.5 ಕೋಟಿ ಡಾಲರ್ ಪಡೆದರು. ಸಸಾಕಿ 23ರಲ್ಲೇ ಬಂದು 65 ಲಕ್ಷ ಡಾಲರ್ ಬೋನಸ್‌ಗೆ ಒಪ್ಪಿಕೊಂಡರು. ಮೇಲಿನ ತಂಡದಲ್ಲಿದ್ದರೆ ಅವರ 2025ರ ವೇತನ ಲೀಗ್‌ನ ಆ ವರ್ಷದ ಕನಿಷ್ಠ ವೇತನವಾದ 7 ಲಕ್ಷ 60 ಸಾವಿರ ಡಾಲರ್. ಅವರನ್ನು ಬಯಸದ ತಂಡವೇ ಇರಲಿಲ್ಲ. ಹಣ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ತಮ್ಮ ತೋಳನ್ನು ಯಾರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬುದೇ ಅವರ ಆಯ್ಕೆಯನ್ನು ನಿರ್ಧರಿಸಿರಬೇಕು.

2022ರ ಏಪ್ರಿಲ್ 10ರಂದು ಚಿಬಾ ಲೊಟ್ಟೆ ಮರೀನ್ಸ್ ಪರ ಅವರು ಎಸೆದ ಪಂದ್ಯ ಜಪಾನಿನಲ್ಲಿ ಇಂದಿಗೂ ಮಾತಾಗಿದೆ. ಎದುರಾಳಿ ಓರಿಕ್ಸ್ ಬಫಲೋಸ್ ತಂಡದ 27 ಬ್ಯಾಟರ್‌ಗಳಲ್ಲಿ ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. 19 ಮಂದಿ ಸ್ಟ್ರೈಕ್‌ಔಟ್ ಆದರು, ಎಂದರೆ ಚೆಂಡನ್ನು ಆಟಕ್ಕೆ ಹೊಡೆಯಲಾಗದೆಯೇ ಔಟಾದರು; ಅವರಲ್ಲಿ 13 ಮಂದಿ ಸತತವಾಗಿ. ಅಂಥ ಪರಿಪೂರ್ಣ ಪಂದ್ಯ ಜಪಾನಿನಲ್ಲಿ 1994ರ ನಂತರ ನಡೆದಿರಲಿಲ್ಲ. ಗಂಟೆಗೆ 160 ಕಿಲೋಮೀಟರ್ ದಾಟಬಲ್ಲ ನೇರ ಎಸೆತ, ಅದೇ ಕೈ ಚಲನೆಯಿಂದ ಹೊರಟು ಬ್ಯಾಟ್ ಬಳಿ ದಿಢೀರನೆ ಕುಸಿಯುವ ಸ್ಪ್ಲಿಟರ್ ಇವೆರಡೇ ಅವರ ಮುಖ್ಯ ಅಸ್ತ್ರಗಳು. ಆದರೂ ಅವರು ಒಂದು ಋತುವಿನಲ್ಲಿ 130 ಇನ್ನಿಂಗ್ಸ್ ತಲುಪಿದ್ದೇ ಇಲ್ಲ. ಕಳೆದ ವರ್ಷ ವೇಗವೂ ತುಸು ಇಳಿದಿತ್ತು. ಅವರಿಂದ ಈ ವರ್ಷ 120 ಇನ್ನಿಂಗ್ಸ್ ಸಿಕ್ಕರೆ ಅದನ್ನು ಯಶಸ್ಸೆಂದೇ ಎಣಿಸಬೇಕು. ಅದಕ್ಕಿಂತ ಹೆಚ್ಚು ಬಯಸುವುದು ಆ ತೋಳಿಗೆ ಅನ್ಯಾಯ.

ಪ್ರಶ್ನೆ: ಕ್ರಿಕೆಟ್‌ನಲ್ಲಿ ಒಬ್ಬ ವೇಗದ ಬೌಲರ್ ಟೆಸ್ಟ್ ಪಂದ್ಯದ ಐದು ದಿನವೂ ಚೆಂಡೆಸೆಯುತ್ತಾನೆ. ಇಲ್ಲಿ ಐದು ಅಥವಾ ಆರು ದಿನಕ್ಕೊಮ್ಮೆ ಎಸೆಯುವ ಪಿಚರ್‌ಗೆ ಅಷ್ಟೊಂದು ವಿಶ್ರಾಂತಿ ಏಕೆ?

ಉತ್ತರ: ಬೌಲರ್ ಓಡಿ ಬಂದು ಮೊಣಕೈ ಮಡಚದೆ ತೋಳು ತಿರುಗಿಸುತ್ತಾನೆ, ಆತನ ವೇಗದ ಒಂದು ಪಾಲು ಓಟದಿಂದ ಬರುತ್ತದೆ. ಪಿಚರ್ ನಿಂತಲ್ಲಿಂದಲೇ, ಮೊಣಕೈಯನ್ನು ಹಿಂದಕ್ಕೆ ಮಡಚಿ ಚಾಟಿಯಂತೆ ಬೀಸಿ ಎಸೆಯುತ್ತಾನೆ. ಮೊಣಕೈಯ ಒಳಬದಿಯ ಅಸ್ಥಿರಜ್ಜು ಪ್ರತಿ ಎಸೆತದಲ್ಲೂ ತಾಳಬಲ್ಲಷ್ಟರ ಅಂಚಿನವರೆಗೆ ಎಳೆಯಲ್ಪಡುತ್ತದೆ. ಟಾಮಿ ಜಾನ್ ಶಸ್ತ್ರಚಿಕಿತ್ಸೆ ಎಂದು ನೀವು ಪದೇ ಪದೇ ಓದುವುದು ಆ ರಜ್ಜು ಹರಿದಾಗ ಬೇರೆಡೆಯ ಸ್ನಾಯುರಜ್ಜನ್ನು ತಂದು ಕಸಿ ಮಾಡುವುದನ್ನೇ.

ಅಮೆರಿಕದಲ್ಲಿ ಐವರು ಸರದಿಯಲ್ಲಿ ಎಸೆಯುವುದು ರೂಢಿ, ಜಪಾನಿನಲ್ಲಿ ಸ್ಟಾರ್ಟರ್ ವಾರಕ್ಕೊಮ್ಮೆ ಎಸೆಯುತ್ತಾನೆ. ಯಮಮೊಟೊ, ಸಸಾಕಿ ಇಬ್ಬರೂ ಆ ಲಯದಲ್ಲಿ ಬೆಳೆದವರಾದ್ದರಿಂದ ಡಾಡ್ಜರ್ಸ್ ಆರು ಮಂದಿಯ ಸರದಿಯತ್ತ ಒಲವು ತೋರಿಸಿದೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. 13 ಪಿಚರ್‌ಗಳ ಮಿತಿಯೊಳಗೆ ಆರು ಮಂದಿ ಸ್ಟಾರ್ಟರ್‌ಗಳಾದರೆ ಬುಲ್‌ಪೆನ್‌ಗೆ ಎಂಟರ ಬದಲು ಏಳೇ ಮಂದಿ ಉಳಿಯುತ್ತಾರೆ. ಈ ಗಂಟನ್ನು ಬಿಡಿಸಬಲ್ಲವರು ಓಟಾನಿ.

ಪ್ರಶ್ನೆ: ಓಟಾನಿ ಈ ವರ್ಷ ಪಿಚಿಂಗ್ ಮಾಡುತ್ತಾರೆಯೇ? ಮಾಡಿದರೆ ಅವರ ಬ್ಯಾಟಿಂಗ್‌ಗೆ ಧಕ್ಕೆಯಾಗುವುದಿಲ್ಲವೇ?

ಉತ್ತರ: ಮಾಡುವುದು ತಂಡದ ಯೋಜನೆಯಲ್ಲಿದೆ, ಆದರೆ ಋತುವಿನ ಆರಂಭದಲ್ಲೇ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆಯಾದ್ದರಿಂದ 2024ರಲ್ಲಿ ಅವರು ಬ್ಯಾಟ್ ಮಾತ್ರ ಹಿಡಿದರು: 54 ಹೋಮ್‌ರನ್ (ಚೆಂಡನ್ನು ಬೇಲಿಯಾಚೆ ಅಟ್ಟುವ ಹೊಡೆತ) ಹೊಡೆದು, 59 ಬೇಸ್ ಕದ್ದು (ಚೆಂಡು ಹೊಡೆಯುವ ಮೊದಲೇ ಮುಂದಿನ ಬೇಸ್‌ಗೆ ಓಡಿ), ಒಂದೇ ಋತುವಿನಲ್ಲಿ ಎರಡರಲ್ಲೂ 50 ದಾಟಿದ ಮೊದಲಿಗರಾದರು. ವರ್ಲ್ಡ್ ಸೀರೀಸ್‌ನ ಎರಡನೆಯ ಪಂದ್ಯದಲ್ಲಿ ಎರಡನೆಯ ಬೇಸ್ ಕಡೆಗೆ ಜಾರಿ ಬಿದ್ದಾಗ ಎಡ ಭುಜ ಕೀಲಿನಿಂದ ಸರಿಯಿತು. ನವೆಂಬರ್‌ನಲ್ಲಿ ಅದಕ್ಕೂ ಶಸ್ತ್ರಚಿಕಿತ್ಸೆಯಾಯಿತು. ಎಸೆಯುವ ತೋಳು ಬಲಗಡೆಯದು ಎಂಬುದು ಸಮಾಧಾನದ ಸಂಗತಿಯಾದರೂ, ಒಂದು ಭುಜ ಗುಣವಾಗುವವರೆಗೆ ಪೂರ್ಣ ಬಲದಿಂದ ಎಸೆಯುವ ಅಭ್ಯಾಸ ತಡವಾಗುವುದು ಸಹಜ.

ಅವರ ಮರಳುವಿಕೆಯಲ್ಲಿ ಬೇರೆ ಯಾರಿಗೂ ಇಲ್ಲದ ತೊಡಕೊಂದಿದೆ. ಸಾಮಾನ್ಯ ಪಿಚರ್ ಗಾಯದಿಂದ ಚೇತರಿಸಿಕೊಳ್ಳುವಾಗ ಮೈನರ್ ಲೀಗ್‌ಗೆ ಹೋಗಿ ಎರಡು ಇನ್ನಿಂಗ್ಸ್, ಮೂರು ಇನ್ನಿಂಗ್ಸ್ ಎಂದು ಹಂತಹಂತವಾಗಿ ಹೆಚ್ಚಿಸಿಕೊಳ್ಳುತ್ತಾನೆ. ಪ್ರತಿದಿನ ಮೇಲಿನ ತಂಡದಲ್ಲಿ ಮೊದಲಿಗನಾಗಿ ಬ್ಯಾಟ್ ಮಾಡಬೇಕಾದವರನ್ನು ಹಾಗೆ ಕಳುಹಿಸುವುದು ಹೇಗೆ? ಆದ್ದರಿಂದ ತಂಡದೊಳಗೇ, ತಮ್ಮದೇ ಬ್ಯಾಟರ್‌ಗಳ ವಿರುದ್ಧ ಅಭ್ಯಾಸದ ಇನ್ನಿಂಗ್ಸ್ ಎಸೆದು ಸಿದ್ಧರಾಗಬೇಕಾಗುತ್ತದೆ. ಅವರು ಅರ್ಧ ಋತು ಕಳೆದ ಮೇಲೆ ಪಿಚಿಂಗ್ ಆರಂಭಿಸಿದರೂ ನಾನು ಅದನ್ನು ವಿಳಂಬವೆಂದು ಕರೆಯಲಾರೆ. ಅಕ್ಟೋಬರ್‌ನಲ್ಲಿ ಆ ತೋಳಿನಲ್ಲಿ ಶಕ್ತಿ ಉಳಿದಿರುವುದೇ ಮುಖ್ಯ.

ಪಟ್ಟಿಯ ಲೆಕ್ಕದಲ್ಲಿ ಅವರ ಬೆಲೆ ಇನ್ನೂ ಹೆಚ್ಚು. ನಿಗದಿತ ಪ್ರಮಾಣದ ಪಿಚಿಂಗ್ ಮತ್ತು ಬ್ಯಾಟಿಂಗ್ ಎರಡನ್ನೂ ಮಾಡಿದವರನ್ನು ನಿಯಮ ಉಭಯ ಆಟಗಾರರೆಂದು ಗುರುತಿಸುತ್ತದೆ, ಅಂಥವರು 13 ಪಿಚರ್‌ಗಳ ಮಿತಿಯೊಳಗೆ ಸೇರುವುದಿಲ್ಲ. ಓಟಾನಿ ಎಸೆಯಲಾರಂಭಿಸಿದ ದಿನದಿಂದ ಡಾಡ್ಜರ್ಸ್ ಬಳಿ 14 ಪಿಚರ್‌ಗಳಿದ್ದಂತೆ. ಆರು ಮಂದಿಯ ಸರದಿಯೂ ಇರುತ್ತದೆ, ಎಂಟು ಮಂದಿಯ ಬುಲ್‌ಪೆನ್ ಕೂಡ ಇರುತ್ತದೆ. ಬೇರೆ ಯಾವ ತಂಡಕ್ಕೂ ಈ ಅನುಕೂಲವಿಲ್ಲ. ಬ್ಯಾಟಿಂಗ್‌ಗೆ ಧಕ್ಕೆಯ ಮಾತು: ಪಿಚಿಂಗ್ ಮಾಡುವ ವರ್ಷ ಅವರು ಅಷ್ಟೊಂದು ಬೇಸ್ ಕದಿಯುವ ಸಾಹಸಕ್ಕೆ ಹೋಗಲಾರರು, ಹೋಗಲೂಬಾರದು. ಆದರೆ 2023ರಲ್ಲಿ 132 ಇನ್ನಿಂಗ್ಸ್ ಎಸೆಯುತ್ತಲೇ 44 ಹೋಮ್‌ರನ್ ಹೊಡೆದವರ ಬ್ಯಾಟಿನ ಬಗ್ಗೆ ಚಿಂತೆ ಬೇಡ.

ಪ್ರಶ್ನೆ: ಬುಲ್‌ಪೆನ್‌ನಲ್ಲಿ ಏನು ಹೊಸದು?

ಉತ್ತರ: ಎಡಗೈ ಪಿಚರ್ ಟ್ಯಾನರ್ ಸ್ಕಾಟ್ ನಾಲ್ಕು ವರ್ಷಗಳಿಗೆ 7.2 ಕೋಟಿ ಡಾಲರ್‌ಗೆ ಬಂದಿದ್ದಾರೆ. ಕಳೆದ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯೇಗೊ ಪ್ಯಾಡ್ರೆಸ್ ಪರ ಆಡುತ್ತಾ ಓಟಾನಿಯನ್ನು ಕಾಡಿದವರು ಇವರೇ. ಟೆಕ್ಸಾಸ್ ರೇಂಜರ್ಸ್ ಪರ 33 ಪಂದ್ಯಗಳನ್ನು ಗೆಲುವಿನ ದಡ ಸೇರಿಸಿದ್ದ ಕರ್ಬಿ ಯೇಟ್ಸ್ ಒಂದು ವರ್ಷಕ್ಕೆ ಸೇರಿದ್ದಾರೆ. ಟ್ರೈನೆನ್ ಉಳಿದುಕೊಂಡಿದ್ದಾರೆ, ಅಲೆಕ್ಸ್ ವೆಸಿಯಾ ಇದ್ದಾರೆ. ಇವಾನ್ ಫಿಲಿಪ್ಸ್ ಭುಜದ ಗಾಯದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದಾರೆ. ಸ್ಟಾರ್ಟರ್‌ಗಳು ಐದೇ ಇನ್ನಿಂಗ್ಸ್‌ಗೆ ನಿಲ್ಲುವ ತಂಡದಲ್ಲಿ ಬುಲ್‌ಪೆನ್ ದಿನವೂ ನಾಲ್ಕು ಇನ್ನಿಂಗ್ಸ್ ಹೊರಬೇಕು. ಯೇಟ್ಸ್‌ಗೂ ಟ್ರೈನೆನ್‌ಗೂ ವಯಸ್ಸು 36 ದಾಟಿದೆ ಎಂಬುದನ್ನು ಮರೆಯುವಂತಿಲ್ಲ.

ಪ್ರಶ್ನೆ: ಮೂಕಿ ಬೆಟ್ಸ್ ಬಲ ಔಟ್‌ಫೀಲ್ಡ್‌ನಲ್ಲಿ ಆರು ಬಾರಿ ಶ್ರೇಷ್ಠ ಫೀಲ್ಡಿಂಗ್‌ನ ಗೋಲ್ಡ್ ಗ್ಲೋವ್ ಪ್ರಶಸ್ತಿ ಪಡೆದವರು. ಅಂಥವರನ್ನು 32ನೆಯ ವಯಸ್ಸಿನಲ್ಲಿ ಶಾರ್ಟ್‌ಸ್ಟಾಪ್‌ಗೆ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವಿನ ಸ್ಥಾನ) ತರುವುದು ದುಡುಕಲ್ಲವೇ?

ಉತ್ತರ: ಇಡೀ ಪಟ್ಟಿಯಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಪ್ರಶ್ನೆಯೂ ಇದೇ. ಕಳೆದ ವರ್ಷ ಋತು ಆರಂಭವಾಗುವ ಕೆಲವೇ ದಿನಗಳ ಮೊದಲು ಅವರನ್ನು ಆ ಸ್ಥಾನಕ್ಕೆ ತರಲಾಯಿತು. ಜೂನ್‌ನಲ್ಲಿ ಚೆಂಡು ತಗಲಿ ಎಡಗೈ ಮೂಳೆ ಮುರಿದು, ಆಗಸ್ಟ್‌ನಲ್ಲಿ ಮರಳಿದಾಗ ಅವರು ಬಲ ಔಟ್‌ಫೀಲ್ಡ್‌ಗೇ ಹೋದರು. ಶಾರ್ಟ್‌ಸ್ಟಾಪ್‌ನಲ್ಲಿ ಅವರು ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಚೆಂಡು ಹಿಡಿಯುವುದರಲ್ಲಲ್ಲ, ಎಸೆಯುವುದರಲ್ಲಿ. ಅದಕ್ಕೆ ಕಾರಣವಿದೆ. ಔಟ್‌ಫೀಲ್ಡರ್‌ಗೆ ಹೆಜ್ಜೆ ಕೂಡಿಸಿಕೊಂಡು, ತೋಳನ್ನು ಪೂರ್ತಿ ಬೀಸಿ ದೂರಕ್ಕೆ ಎಸೆಯುವ ಸಮಯವಿರುತ್ತದೆ. ಶಾರ್ಟ್‌ಸ್ಟಾಪ್ ತನ್ನ ಬಲಕ್ಕೆ ಚಾಚಿ ಚೆಂಡು ಹಿಡಿದು, ಮೈಯ ಭಾರ ಇನ್ನೂ ಆ ಕಡೆಗೇ ಇರುವಾಗ, ತೋಳನ್ನು ಕಿವಿಯ ಪಕ್ಕದಲ್ಲೇ ಮಡಚಿ ಮೊದಲ ಬೇಸ್‌ಗೆ ಗುರಿಯಿಡಬೇಕು. ಬ್ಯಾಟರ್ ಅಲ್ಲಿಗೆ ತಲುಪಲು ನಾಲ್ಕು ಸೆಕೆಂಡು ಸಾಕು. ವರ್ಷಗಟ್ಟಲೆ ರೂಢಿಯಾದ ತೋಳಿನ ಚಲನೆಯನ್ನು ಮರೆತು ಇನ್ನೊಂದನ್ನು ಕಲಿಯುವುದು ಇದು.

ಆದರೂ ಇದನ್ನು ದುಡುಕೆನ್ನಲು ಮನಸ್ಸೊಪ್ಪುವುದಿಲ್ಲ. ಬೆಟ್ಸ್ ಬಾಸ್ಟನ್‌ನಲ್ಲಿ ಇನ್‌ಫೀಲ್ಡರ್ ಆಗಿಯೇ ಬೆಳೆದವರು. ಈ ಸಲ ಅವರಿಗೆ ಕೆಲವು ದಿನಗಳ ಬದಲು ಇಡೀ ಚಳಿಗಾಲ ತಯಾರಿಗೆ ಸಿಕ್ಕಿದೆ. ಅವರು ಇನ್‌ಫೀಲ್ಡ್‌ಗೆ ಬಂದದ್ದರಿಂದಲೇ ಟಿಯೊಸ್ಕರ್ ಹೆರ್ನಾಂಡಿಸ್ ಮತ್ತು ಮೈಕೆಲ್ ಕನ್‌ಫೋರ್ಟೊ ಇಬ್ಬರಿಗೂ ಔಟ್‌ಫೀಲ್ಡ್‌ನಲ್ಲಿ ಜಾಗವಾಗಿ ಬ್ಯಾಟಿಂಗ್ ಬಲಗೊಂಡಿದೆ. ಪ್ರಯೋಗ ಕೈಕೊಟ್ಟರೆ ಮಿಗೆಲ್ ರೋಹಾಸ್ ಇದ್ದಾರೆ. ಅವರಿಗೀಗ 36 ತುಂಬಿದ್ದರೂ ಫೀಲ್ಡಿಂಗ್ ಇನ್ನೂ ಚುರುಕಾಗಿದೆ.

ಪ್ರಶ್ನೆ: ಗ್ಯಾವಿನ್ ಲಕ್ಸ್ ಅವರನ್ನು ಸಿನ್ಸಿನಾಟಿಗೆ ಕಳುಹಿಸಿದ ಮೇಲೆ ಎರಡನೆಯ ಬೇಸ್ ಯಾರದು? ಕೊರಿಯಾದ ಕಿಮ್ ಹ್ಯೆ-ಸಾಂಗ್ ಅವರಿಗೆ ಅವಕಾಶವಿದೆಯೇ?

ಉತ್ತರ: ಇದು ಇಬ್ಬರ ಪೈಪೋಟಿಯಂತೆ ಕಂಡರೂ ನಿಜವಾಗಿ ನಿರ್ಧಾರ ಟಾಮಿ ಎಡ್ಮನ್ ಎಲ್ಲಿ ನಿಲ್ಲುತ್ತಾರೆ ಎಂಬುದರ ಮೇಲಿದೆ. ಕಳೆದ ಜುಲೈನಲ್ಲಿ ಸೇಂಟ್ ಲೂಯಿಸ್‌ನಿಂದ ಬಂದು, ನ್ಯಾಷನಲ್ ಲೀಗ್ ಫೈನಲ್ ಸರಣಿಯಲ್ಲಿ 11 ರನ್ ತಂದುಕೊಟ್ಟು ಸರಣಿಶ್ರೇಷ್ಠರಾದ ಅವರು ಎರಡನೆಯ ಬೇಸ್‌ನಲ್ಲೂ ಮಧ್ಯ ಔಟ್‌ಫೀಲ್ಡ್‌ನಲ್ಲೂ ಸಮನಾಗಿ ಆಡಬಲ್ಲರು. ಕಿಮ್ ತಂಡಕ್ಕೆ ಬಂದರೆ ಎಡ್ಮನ್ ಔಟ್‌ಫೀಲ್ಡ್‌ಗೆ ಹೋಗುತ್ತಾರೆ. ಬರದಿದ್ದರೆ ಎಡ್ಮನ್ ಎರಡನೆಯ ಬೇಸ್‌ನಲ್ಲಿ ನಿಂತು, ಮಧ್ಯ ಔಟ್‌ಫೀಲ್ಡ್ ಆಂಡಿ ಪಾಹೆಸ್ ಅವರಿಗೆ ಸಿಗುತ್ತದೆ. ಕಿಮ್ ಕಿವೂಮ್ ಹೀರೋಸ್ ಪರ ಕೊರಿಯಾದಲ್ಲಿ ಗೋಲ್ಡನ್ ಗ್ಲೋವ್ ಪಡೆದ ವೇಗದ ಓಟಗಾರ, ಕೈ ಬಹಳ ನಂಬಿಕೆಯದು. ಆದರೆ ಕೊರಿಯಾದ ಲೀಗ್‌ಗಿಂತ ಇಲ್ಲಿನ ಪಿಚರ್‌ಗಳ ವೇಗ ಹೆಚ್ಚು. ಅದಕ್ಕಾಗಿ ತರಬೇತಿಯಲ್ಲೇ ಅವರ ಬ್ಯಾಟ್ ಬೀಸುವ ರೀತಿಯನ್ನು ತಿದ್ದಲಾಗುತ್ತಿದೆ. ಅವರಿಗೆ ಆಪ್ಷನ್‌ಗಳಿವೆ. ಒಕ್ಲಹೋಮ ಸಿಟಿಯ ಮೈನರ್ ಲೀಗ್ ತಂಡದಲ್ಲಿ ಎರಡು ತಿಂಗಳು ದಿನವೂ ಆಡಿ ಹೊಸ ಬೀಸನ್ನು ಗಟ್ಟಿ ಮಾಡಿಕೊಂಡು ಬಂದರೆ ಅವರಿಗೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಅದನ್ನು ಹಿನ್ನಡೆಯೆಂದು ಯಾರೂ ಭಾವಿಸಬೇಕಾಗಿಲ್ಲ.

ಪ್ರಶ್ನೆ: ಓಟಾನಿ ಅವರ 70 ಕೋಟಿ ಡಾಲರ್ ಒಪ್ಪಂದದಲ್ಲಿ 68 ಕೋಟಿಯನ್ನು ಮುಂದಕ್ಕೆ ಹಾಕಿದ್ದಾರೆ. ಇಂತಹ ಒಪ್ಪಂದಗಳಿಂದ ಡಾಡ್ಜರ್ಸ್ ತೆರಿಗೆಯಿಂದ ತಪ್ಪಿಸಿಕೊಳ್ಳುತ್ತಿದೆಯೇ?

ಉತ್ತರ: ತಪ್ಪಿಸಿಕೊಳ್ಳುತ್ತಿಲ್ಲ, 2024ರ ಋತುವಿಗೆ ಆ ಕ್ಲಬ್ ಕಟ್ಟಿದ ಸಂಬಳ ಮಿತಿ ತೆರಿಗೆ (ಒಟ್ಟು ಸಂಬಳ ನಿಗದಿತ ಮಿತಿ ಮೀರಿದರೆ ಲೀಗ್ ವಿಧಿಸುವುದು) ಸುಮಾರು 10.3 ಕೋಟಿ ಡಾಲರ್, ಅದು ಆಗಿನ ದಾಖಲೆ. ಓಟಾನಿ 10 ವರ್ಷ ವರ್ಷಕ್ಕೆ 20 ಲಕ್ಷ ಡಾಲರ್ ಮಾತ್ರ ಪಡೆದು, ಉಳಿದದ್ದನ್ನು 2034ರಿಂದ 2043ರವರೆಗೆ ಬಡ್ಡಿಯಿಲ್ಲದೆ ಪಡೆಯುತ್ತಾರೆ. ಮುಂದೆ ಸಿಗುವ ಹಣಕ್ಕೆ ಇಂದಿನ ಬೆಲೆ ಕಡಿಮೆಯಾದ್ದರಿಂದ ತೆರಿಗೆ ಲೆಕ್ಕದಲ್ಲಿ ಅವರ ವಾರ್ಷಿಕ ಸಂಬಳ 7 ಕೋಟಿಯ ಬದಲು ಸುಮಾರು 4.6 ಕೋಟಿ ಡಾಲರ್ ಎಂದು ಹಿಡಿಯಲಾಗುತ್ತದೆ. ಈ ವ್ಯವಸ್ಥೆ ಎಲ್ಲ ಕ್ಲಬ್‌ಗಳಿಗೂ ತೆರೆದಿದೆ. ವಾಷಿಂಗ್ಟನ್ ನ್ಯಾಷನಲ್ಸ್ ಬಹಳ ಹಿಂದೆಯೇ ಮ್ಯಾಕ್ಸ್ ಶೆರ್ಜರ್ ಅವರ 21 ಕೋಟಿ ಡಾಲರ್‌ನಲ್ಲಿ ಅರ್ಧವನ್ನು ಮುಂದೂಡಿತ್ತು.

2025ರಲ್ಲಿ ಮಿತಿ 24.1 ಕೋಟಿ ಡಾಲರ್. ಸತತವಾಗಿ ಮಿತಿ ಮೀರಿದ ಕ್ಲಬ್ 30.1 ಕೋಟಿ ದಾಟಿದರೆ, ಅದರ ಮೇಲೆ ಖರ್ಚು ಮಾಡುವ ಪ್ರತಿ ಡಾಲರ್‌ಗೆ 1 ಡಾಲರ್ 10 ಸೆಂಟ್ ತೆರಿಗೆ ತೆರಬೇಕು. ಡಾಡ್ಜರ್ಸ್ ಆ ರೇಖೆಯನ್ನು ದಾಟಿಯೇ ಆಟಗಾರರನ್ನು ತರುತ್ತಿದೆ. ಅದಕ್ಕಿರುವ ಆದಾಯ ಸಣ್ಣ ನಗರಗಳ ಕ್ಲಬ್‌ಗಳಿಗೆ ಇಲ್ಲ ಎಂಬ ದೂರಿನಲ್ಲಿ ಹುರುಳಿದೆ. ಆದರೆ ಕೈಯಲ್ಲಿರುವ ಹಣವನ್ನು ತಂಡಕ್ಕೆ ಸುರಿಯುವ ಮಾಲೀಕರನ್ನು ದೂರುವ ಮೊದಲು, ತಂಡದ ಒಟ್ಟು ಸಂಬಳಕ್ಕೆ ಕನಿಷ್ಠ ಮಿತಿಯೇ ಇಲ್ಲದ ಲೀಗ್‌ನಲ್ಲಿ ಶ್ರೀಮಂತ ಕ್ಲಬ್‌ಗಳಿಂದ ಬರುವ ಹಂಚಿಕೆಯ ಹಣ ಪಡೆದೂ ಖರ್ಚು ಮಾಡದವರನ್ನು ಪ್ರಶ್ನಿಸಬೇಕು ಎಂದು ನಾನು ನಂಬುತ್ತೇನೆ.

ಪ್ರಶ್ನೆ: ಹಾಗಾದರೆ ಈ ತಂಡ ಮತ್ತೆ ಗೆಲ್ಲುವುದು ಖಚಿತವೇ?

ಉತ್ತರ: ಖಂಡಿತ ಅಲ್ಲ. 1998ರಿಂದ 2000ದವರೆಗೆ ಯಾಂಕೀಸ್ ಸತತ ಮೂರು ಬಾರಿ ಗೆದ್ದ ಮೇಲೆ 2024ರವರೆಗೆ ಯಾವ ತಂಡವೂ ಸತತ ಎರಡು ವರ್ಷ ಗೆದ್ದಿರಲಿಲ್ಲ. ತಮ್ಮ ವಿಭಾಗವನ್ನು (ನ್ಯಾಷನಲ್ ಲೀಗ್‌ನ ಪಶ್ಚಿಮ ವಿಭಾಗ) ಗೆಲ್ಲುವುದರಲ್ಲಿ ಡಾಡ್ಜರ್ಸ್ ಪಳಗಿದ ತಂಡ: 2024ರವರೆಗಿನ 12 ಋತುಗಳಲ್ಲಿ 11 ಬಾರಿ ಗೆದ್ದಿದೆ, ತಪ್ಪಿದ 2021ರಲ್ಲೂ 106 ಪಂದ್ಯ ಗೆದ್ದು ಒಂದೇ ಪಂದ್ಯದಿಂದ ಹಿಂದುಳಿದಿತ್ತು. ಆದರೆ ಅಕ್ಟೋಬರ್‌ನ ಸಣ್ಣ ಸರಣಿಗಳಲ್ಲಿ ಆ ಬಲ ಕರಗಿಹೋಗುತ್ತದೆ. ಕಳೆದ ಸಲವೂ ಪ್ಯಾಡ್ರೆಸ್ ವಿರುದ್ಧ 2–1ರಿಂದ ಹಿಂದಿದ್ದು, ಇನ್ನೊಂದು ಸೋಲು ಕಂಡಿದ್ದರೆ ಮನೆಗೆ ಹೋಗಬೇಕಿತ್ತು. ಇದೇ ವಿಭಾಗದಲ್ಲಿ ಅರಿಜೋನಾ ಡೈಮಂಡ್‌ಬ್ಯಾಕ್ಸ್ ಈಗ ಕಾರ್ಬಿನ್ ಬರ್ನ್ಸ್ ಅವರನ್ನು, ಜೈಂಟ್ಸ್ ವಿಲ್ಲಿ ಅಡಾಮಿಸ್ ಅವರನ್ನು ತಂದುಕೊಂಡಿವೆ. ಫ್ರೆಡ್ಡಿ ಫ್ರೀಮನ್ 35ರ ಹರೆಯದಲ್ಲಿ ಡಿಸೆಂಬರ್‌ನಲ್ಲಿ ಬಲ ಕಾಲಿನ ಹರಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಕುಂಟುತ್ತಲೇ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯವನ್ನು ಗ್ರ್ಯಾಂಡ್ ಸ್ಲ್ಯಾಮ್‌ನಿಂದ (ನಾಲ್ಕು ರನ್ ತರುವ ಹೋಮ್‌ರನ್) ಮುಗಿಸಿದವರು ಅವರು. ಅದನ್ನು ಕಂಡವರಿಗೆ ಆ ಕಾಲು 162 ಪಂದ್ಯ ತಾಳಲಿ ಎಂದು ಹಾರೈಸದೆ ಇರಲಾಗದು.

ಪ್ರಶ್ನೆ: ಕ್ಲೇಟನ್ ಕರ್ಶಾ ಅವರನ್ನು ಈ ವರ್ಷ ನೋಡಬಹುದೇ? ಇಷ್ಟು ಪಿಚರ್‌ಗಳ ನಡುವೆ ಅವರಿಗೆ ಜಾಗವಿದೆಯೇ?

ಉತ್ತರ: ಜಾಗವಿದೆ, ಮೊದಲ ಉತ್ತರದಲ್ಲಿ ಹೇಳಿದ 371 ಇನ್ನಿಂಗ್ಸ್‌ಗಳಲ್ಲಿ. 2008ರಿಂದ ಇದೊಂದೇ ತಂಡಕ್ಕೆ ಎಸೆದ ಕರ್ಶಾ ಕಳೆದ ವರ್ಷ ಏಳೇ ಪಂದ್ಯ ಆರಂಭಿಸಿ 30 ಇನ್ನಿಂಗ್ಸ್ ಎಸೆದರು. ನವೆಂಬರ್‌ನಲ್ಲಿ ಕಾಲ್ಬೆರಳಿಗೂ ಮಂಡಿಗೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಫೆಬ್ರವರಿಯಲ್ಲಿ 75 ಲಕ್ಷ ಡಾಲರ್‌ಗೆ ಒಂದು ವರ್ಷದ ಒಪ್ಪಂದಕ್ಕೆ ಸಹಿ ಹಾಕಿದರು. ಅವರ ಹಿಂದೆ ಟೋನಿ ಗೊನ್ಸೊಲಿನ್ ಮತ್ತು ಡಸ್ಟಿನ್ ಮೇ ಇಬ್ಬರೂ ಗಾಯದಿಂದ ಮರಳುತ್ತಿರುವವರೇ. ಮೇ ಅವರ ಕಥೆ ವಿಚಿತ್ರ: ಮೊಣಕೈ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದಾಗ, ಕಳೆದ ಜುಲೈನಲ್ಲಿ ಊಟದ ವೇಳೆ ಸೊಪ್ಪಿನ ತುಣುಕು ಗಂಟಲಲ್ಲಿ ಸಿಕ್ಕಿ ಅನ್ನನಾಳ ಹರಿದು, ತುರ್ತು ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಇವರೆಲ್ಲರ ತೋಳುಗಳಿಂದ ಸಿಗುವ 50, 60 ಇನ್ನಿಂಗ್ಸ್‌ಗಳನ್ನು ಒಂದೊಂದಾಗಿ ಜೋಡಿಸಿಯೇ ಈ ತಂಡ ಸೆಪ್ಟೆಂಬರ್ ತಲುಪಬೇಕು. ಕರ್ಶಾ ಅವರ ಹೆಸರಿನಲ್ಲಿ 2024ರ ಕೊನೆಗೆ 2,968 ಸ್ಟ್ರೈಕ್‌ಔಟ್‌ಗಳಿದ್ದವು. 3,000ಕ್ಕೆ 32 ಬಾಕಿ. 60 ದಿನಗಳ ಗಾಯಾಳು ಪಟ್ಟಿಯಿಂದ ಅವರು ಋತು ಆರಂಭಿಸಿದರೆ ಮೇ ತಿಂಗಳ ಮಧ್ಯಭಾಗಕ್ಕಿಂತ ಮೊದಲು ಕಣಕ್ಕಿಳಿಯುವಂತಿಲ್ಲ, ಆದರೆ ಅಲ್ಲಿಂದ ಮುಂದೆ ಆರೋಗ್ಯ ಜೊತೆಗೂಡಿದರೆ ಆ 32ಕ್ಕೆ ಏಳೆಂಟು ಪಂದ್ಯಗಳು ಸಾಕಾಗುತ್ತವೆ.